ಶಿವಮೊಗ್ಗದ ಶಿವಪ್ಪನಾಯಕ ಅರಮನೆ: ಮರಗೆಲಸಕ್ಕಾಗಿ ನೋಡಬೇಕಾದ ವಸ್ತುಸಂಗ್ರಹಾಲಯ

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗಾ ನದಿಗೆ ಸಮೀಪದಲ್ಲಿರುವ ಶಿವಪ್ಪನಾಯಕ ಅರಮನೆ ಇಂದು ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಬರುವವರಲ್ಲಿ ಹೆಚ್ಚಿನವರು ಆವರಣದಲ್ಲಿ ಇರಿಸಿರುವ ಹೊಯ್ಸಳ ಕಾಲದ ಶಿಲ್ಪಗಳನ್ನೂ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳನ್ನೂ ನೋಡಿ, ಒಳಗೊಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಶಿಲ್ಪಗಳು ನೋಡತಕ್ಕವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಂಗ್ರಹಾಲಯದಲ್ಲಿರುವ ವಸ್ತುಗಳ ಪೈಕಿ ಎಲ್ಲಕ್ಕಿಂತ ಅಮೂಲ್ಯವಾದದ್ದು ಆ ಕಟ್ಟಡವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ವಿಮರ್ಶೆಯನ್ನು ಅದರ ಮರಗೆಲಸಕ್ಕೇ ಮೀಸಲಿಡುತ್ತೇನೆ.

ಒಳಗೆ ಹೋದೊಡನೆ ದರ್ಬಾರು ಹಜಾರದ ನಡುವೆ ನಿಂತು ತಲೆಯೆತ್ತಿ ನೋಡಬೇಕು. ಎತ್ತರವಾದ, ದಪ್ಪನೆಯ ಮರದ ಕಂಬಗಳು, ಅವುಗಳ ನಡುವೆ ಎಸಳೆಸಳಾಗಿ ಬಾಗಿದ ಕಮಾನುಗಳು, ಇಕ್ಕೆಲಗಳಲ್ಲಿ ಎತ್ತರಿಸಿದ ಕೋಣೆಗಳು, ಮೇಲಂತಸ್ತಿನಿಂದ ಹಜಾರದೊಳಕ್ಕೇ ಇಣುಕುವ ಮೊಗಸಾಲೆಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಆಮೇಲೆ ಒಂದು ಕಂಬದ ಬಳಿಗೆ ಹೋಗಿ, ಕಮಾನು ಕಂಬವನ್ನು ಸೇರುವ ಜಾಗವನ್ನು ನಿಧಾನವಾಗಿ ಗಮನಿಸಬೇಕು. ಕಲ್ಲಿನ ಕಟ್ಟಡದಲ್ಲಿ ಕಮಾನು ಭಾರ ಹೊರುತ್ತದೆ. ಇಂತಹ ಮರದ ಕಟ್ಟಡದಲ್ಲಿ ಭಾರ ಹೊರುವುದು ಕಂಬ ಮತ್ತು ಅದರ ಮೇಲೆ ಅಡ್ಡಲಾಗಿ ಕೂತ ತೊಲೆ. ಕಮಾನು ಅವೆರಡರ ನಡುವಿನ ಮೂಲೆಯನ್ನು ತುಂಬಿ, ಹಜಾರಕ್ಕೆ ದರ್ಬಾರಿನ ಗಾಂಭೀರ್ಯವನ್ನು ಕೊಡುತ್ತದೆ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಇಡೀ ಕಟ್ಟಡದ ಅಸ್ಥಿಪಂಜರವೇ ಕಣ್ಣೆದುರು ತೆರೆದುಕೊಳ್ಳುತ್ತದೆ.

ಹೆಸರಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕೆಳದಿಯ ಶಿವಪ್ಪನಾಯಕನ ಆಳ್ವಿಕೆ 1645ರಿಂದ 1660ರವರೆಗಿನದು. ಊರಿನ ನೆನಪಿನಲ್ಲಿ ಅರಮನೆಯೂ ಅವನದೇ. ಆದರೆ ಈಗ ನಿಂತಿರುವ ಕಟ್ಟಡ 18ನೆಯ ಶತಮಾನದಲ್ಲಿ ಹೈದರ್ ಅಲಿಯ ಕಾಲದ್ದು ಎಂದು ಕಲಾ ಇತಿಹಾಸಕಾರ ಜಾರ್ಜ್ ಮಿಚೆಲ್ ಅಭಿಪ್ರಾಯಪಡುತ್ತಾರೆ. 1763ರಲ್ಲಿ ಹೈದರ್ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದ ಮೇಲೆ ಈ ಸೀಮೆಯೆಲ್ಲ ಅವನ ವಶವಾಯಿತು. ಹೈದರನೇ 1781ರಲ್ಲಿ ಆರಂಭಿಸಿ, ಟಿಪ್ಪು 1791ರಲ್ಲಿ ಮುಗಿಸಿದ ಬೆಂಗಳೂರಿನ ಬೇಸಗೆ ಅರಮನೆಯನ್ನು ನೋಡಿದವರಿಗೆ ಶಿವಮೊಗ್ಗದ ಕಂಬಗಳೂ ಕಮಾನುಗಳೂ ಪರಿಚಿತವೆನಿಸುತ್ತವೆ, ಮತ್ತು ಆ ಸಾಮ್ಯವೇ ನನ್ನನ್ನು ಮಿಚೆಲ್ ಅವರ ವಾದದ ಕಡೆಗೆ ಒಲಿಸುತ್ತದೆ. ಇದರಿಂದ ಶಿವಪ್ಪನಾಯಕನ ಕೀರ್ತಿಗೆ ಕುಂದಿಲ್ಲ. ಭೂಮಿಯ ಫಲವತ್ತತೆಯನ್ನು ನೋಡಿ ಕಂದಾಯ ನಿಗದಿಪಡಿಸಿದ ಅವನ ‘ಶಿಸ್ತು’ ಎಂಬ ಪದ್ಧತಿ ಯಾವ ಅರಮನೆಗಿಂತಲೂ ದೊಡ್ಡದು.

ಈ ಕಟ್ಟಡವನ್ನು ಅಳೆಯಲು ದೂರದ ಒಂದು ಮನೆ ನೆರವಾಗುತ್ತದೆ. ಇಂಗ್ಲೆಂಡಿನ ಚೆಷೈರ್ ಪ್ರಾಂತದಲ್ಲಿ, ಸುತ್ತ ನೀರಿನ ಕಂದಕವಿರುವ ಲಿಟಲ್ ಮೊರೆಟನ್ ಹಾಲ್ ಎಂಬ ಮರದ ಚೌಕಟ್ಟಿನ ಮನೆಯಿದೆ. ಅದರ ಅತ್ಯಂತ ಹಳೆಯ ಭಾಗ 16ನೆಯ ಶತಮಾನದ ಆರಂಭದ್ದು. ಮೊರೆಟನ್ ಮನೆತನದವರು ಸುಮಾರು 1610ರವರೆಗೂ ಅದಕ್ಕೆ ಭಾಗಗಳನ್ನು ಸೇರಿಸುತ್ತಲೇ ಹೋದರು. ಅಲ್ಲಿನ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕಡೆದು, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂಡಿಸಿ, ಮರದ ಗೂಟ ಹೊಡೆದು ಬಿಗಿಮಾಡುತ್ತಿದ್ದರು; ಮರ ಒಣಗಿದಂತೆ ಕೀಲುಗಳು ಇನ್ನಷ್ಟು ಬಿಗಿಯಾಗುತ್ತಿದ್ದವು. ಚೌಕಟ್ಟಿನ ಖಾಲಿ ಜಾಗಗಳಿಗೆ ಕೋಲುಗಳನ್ನು ಹೆಣೆದು ಮಣ್ಣು ಮೆತ್ತುವುದು ಅಲ್ಲಿನ ಇಂತಹ ಮನೆಗಳಲ್ಲಿ ಸಾಮಾನ್ಯ ಕ್ರಮ. ನಮ್ಮ ತಡಿಕೆ ಗೋಡೆಯನ್ನು ಬಲ್ಲ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಂತಸ್ತಿನಲ್ಲಿ ಉದ್ದನೆಯ ಪಡಸಾಲೆಯನ್ನು ಏರಿಸಿ ಅದಕ್ಕೆ ಕಲ್ಲುಚಪ್ಪಡಿಯ ಮಾಡು ಹೊದಿಸಿದ್ದರಿಂದ, ಆ ಭಾರಕ್ಕೆ ಕೆಳಗಿನ ಚೌಕಟ್ಟು ಸೊಟ್ಟಗಾಗಿದೆ. ಆದರೂ ಮನೆ ಬಿದ್ದಿಲ್ಲ. 1938ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಅಲ್ಲಿನ ಅಂಗಳದ ಕಿಟಕಿಗಳನ್ನು ತಾನು ಮಾಡಿದೆನೆಂದು ರಿಚರ್ಡ್ ಡೇಲ್ ಎಂಬ ಬಡಗಿ 1559ರಲ್ಲಿ ಯಜಮಾನನ ಹೆಸರಿನೊಂದಿಗೆ ತನ್ನ ಹೆಸರನ್ನೂ ಮರದಲ್ಲೇ ಕೆತ್ತಿದ್ದಾನೆ. ನಮ್ಮ ಅರಮನೆ ಯಾವ ಅರಸನದು ಎಂದು ಚರ್ಚಿಸುವ ನಾವು, ಇಷ್ಟು ದೊಡ್ಡ ಕಂಬಗಳನ್ನು ಕಡೆದು ನಿಲ್ಲಿಸಿದ ಆಚಾರಿಗಳನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಆ ಇಂಗ್ಲಿಷ್ ಮನೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಚಿತ್ರಗಳಲ್ಲಿ ಕಾಣುವ ಕಪ್ಪು ಮರ, ಬಿಳಿ ಗೋಡೆಯ ಅಂದ ಮೂಲದ್ದಲ್ಲ. ಅದು ವಿಕ್ಟೋರಿಯಾ ಕಾಲದವರ ಅಭಿರುಚಿ. ಮೊದಲು ಓಕ್ ಮರಕ್ಕೆ ಏನನ್ನೂ ಬಳಿಯದೆ ಬಿಡುತ್ತಿದ್ದರು, ಅದು ತಾನಾಗಿಯೇ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಇದನ್ನು ಇಲ್ಲಿ ಹೇಳಲು ಕಾರಣವುಂಟು. ತೀರ್ಥಹಳ್ಳಿಯ ಕಡೆ ಹೋಂಸ್ಟೇ ಆಗಿ ಮಾರ್ಪಟ್ಟ ಒಂದು ತೊಟ್ಟಿಮನೆಯಲ್ಲಿ ತಂಗಿದ್ದಾಗ, ಹಲಸಿನ ಕಂಬಗಳಿಗೆಲ್ಲ ಮಿರಿಮಿರಿ ಹೊಳೆಯುವ ಎಣ್ಣೆಬಣ್ಣ ಬಳಿದಿದ್ದನ್ನು ಕಂಡು ಬಹಳ ಸಂಕಟವಾಯಿತು. ಕಂಬದ ತಲೆಯ ಮೇಲಿನ ಬೋದಿಗೆಯ ಹೂವಿನ ಕೆತ್ತನೆ ಬಣ್ಣದ ಕೆಳಗೆ ಮುಚ್ಚಿಹೋಗಿ, ಬೆರಳಿಗೆ ಎಸಳಿನ ಅಂಚೇ ಸಿಗುತ್ತಿರಲಿಲ್ಲ. ಊಟ, ಉಪಚಾರ ಎರಡೂ ಚೆನ್ನಾಗಿದ್ದ ಆ ಮನೆಯಲ್ಲಿ ಮರವನ್ನು ಮಾತ್ರ ಹೀಗೆ ನಡೆಸಿಕೊಂಡದ್ದು ಸರಿಯಲ್ಲ. ದಪ್ಪನೆಯ ಬಣ್ಣದ ಪದರದ ಕೆಳಗೆ ತೇವ ಸೇರಿಕೊಂಡರೆ ಹೊರಗೆ ಬರಲು ದಾರಿಯಿರುವುದಿಲ್ಲ. ಒಳಗೆ ಒರಲೆ ಹತ್ತಿದರೂ ತಡವಾಗಿ ಗೊತ್ತಾಗುತ್ತದೆ. ಹಿರಿಯರು ಗೇರೆಣ್ಣೆ ಸವರಿ ಕಾಪಾಡಿದ ಮರಕ್ಕೆ ಈ ಹೊಳಪು ಬೇಕಾಗಿರಲಿಲ್ಲ.

ಅರಮನೆಗೆ ಹೋಗುವವರಿಗೆ ನನ್ನ ಸಲಹೆ ಇಷ್ಟು. ಶಿಲ್ಪಗಳನ್ನು ಕೊನೆಗೆ ಇಟ್ಟುಕೊಂಡು ಮೊದಲು ಹಜಾರಕ್ಕೆ ಹೋಗಿ; ಹಗಲು ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ಹೋದರೆ ಕೆತ್ತನೆಯ ಆಳ ಸ್ಪಷ್ಟವಾಗಿ ಕಾಣುತ್ತದೆ. ಕಂಬಗಳನ್ನು ಮುಟ್ಟದೆ, ಒರಗದೆ ನೋಡಿ. ಜೊತೆಗೆ ಮಕ್ಕಳಿದ್ದರೆ ಅವರಿಗೂ ತಿಳಿಸಿ ಹೇಳಿ. ಹಳೆಯ ಮನೆಯನ್ನು ದುರಸ್ತಿ ಮಾಡಿಸಬೇಕೆಂದಿರುವವರು ತಮ್ಮ ಆಚಾರಿಯನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ತೊಲೆ, ಕಂಬಗಳ ಅಳತೆಯ ಹದ ಅವರಿಗೆ ನೋಡುತ್ತಿದ್ದಂತೆಯೇ ಅರ್ಥವಾಗುತ್ತದೆ. ಸಮಯವಿದ್ದವರು ಇನ್ನೊಂದು ದಿನ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನೂ ಹತ್ತಬೇಕು. ಅಲ್ಲಿ ಕೆಳದಿ ಅರಸರ ಅರಮನೆಯ ಕಲ್ಲಿನ ಜಗಲಿ, ಮೆಟ್ಟಿಲು, ಕಂಬದ ಬುಡದ ಕಲ್ಲುಗಳು ಉಳಿದಿವೆ, ಮೇಲಿನ ಮರ ಉಳಿದಿಲ್ಲ. ಶಿವಮೊಗ್ಗದ ಹಜಾರವನ್ನು ಮೊದಲು ನೋಡಿದ್ದರೆ, ಆ ಬುಡಗಲ್ಲುಗಳ ಮೇಲೆ ಏನು ನಿಂತಿದ್ದಿರಬಹುದೆಂದು ಊಹಿಸಿಕೊಳ್ಳುವುದು ಕಷ್ಟವಾಗುವುದಿಲ್ಲ.