ಸೆರಗು ಮೊದಲೋ, ರೆಕ್ಕೆ ಮೊದಲೋ: ಒಂದೇ ಕ್ಯಾಮೆರಾ, ಎರಡು ದಾರಿ

ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ನಿಕಾನ್ ಕ್ರಾಪ್ ಬಾಡಿ (ಚಿಕ್ಕ ಸೆನ್ಸರಿನ ಕ್ಯಾಮೆರಾ) ಒಂದು, ಲೆನ್ಸ್ ಎರಡು: 50 ಎಂಎಂ ಎಫ್/1.8 ಮತ್ತು ದೂರದ್ದನ್ನು ಹತ್ತಿರ ತರುವ 70-300 ಎಂಎಂ ಜೂಮ್. ಮೊದಲ ವರ್ಷ ಪೂರ್ತಿ ಹಕ್ಕಿಗಳ ಹಿಂದೆ ಹೋದೆ. ಎರಡನೇ ವರ್ಷ ನಮ್ಮ ಅತ್ತಿಗೆ ಬಾಗಲಕೋಟೆ ಕಡೆಯ ತವರಿನಿಂದ ಇಳಕಲ್ ಸೀರೆ ತರಿಸಿ ಮಾರಲು ಶುರು ಮಾಡಿದರು. ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮೈಸೂರಿನ ಮನೆಯ ತಾರಸಿಯೇ ಸ್ಟುಡಿಯೊ, ಅತ್ತಿಗೆಯ ತಂಗಿಯೇ ಮಾಡೆಲ್. ಫ್ಯಾಷನ್ನೋ ವೈಲ್ಡ್‌ಲೈಫೋ, ಎಲ್ಲಿಂದ ಶುರು ಮಾಡಲಿ ಎಂದು ಈಗ ಯಾರಾದರೂ ಕೇಳಿದರೆ ಬಟ್ಟೆಯಿಂದ ಶುರು ಮಾಡಿ ಅನ್ನುತ್ತೇನೆ. ನನ್ನ ಮನಸ್ಸು ಇವತ್ತಿಗೂ ಹಕ್ಕಿಯ ಕಡೆಗೇ ಇದೆ, ಆದರೂ ಹೀಗೆ ಹೇಳುತ್ತೇನೆ.

ಹಕ್ಕಿಯ ವರ್ಷ ಕಳೆದದ್ದು ಹೆಚ್ಚಾಗಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿರುತ್ತಿದ್ದೆ. ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿರುತ್ತದೆ, ಬಣ್ಣದ ಕೊಕ್ಕರೆ ನೀರಂಚಿನಲ್ಲಿ ಹೆಜ್ಜೆ ಹಾಕುತ್ತಿರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಕೊಕ್ಕರೆಯ ಬಿಳಿ ಮೈ ಸುಣ್ಣ ಬಳಿದ ಗೋಡೆಯಂತೆ, ಒಂದು ಗರಿಯೂ ಬಿಡಿಯಾಗಿ ಕಾಣುತ್ತಿರಲಿಲ್ಲ. ಹಿನ್ನೆಲೆಯಲ್ಲಿ ಕಪ್ಪು ನೀರು ತುಂಬಿದ್ದರೆ ಕ್ಯಾಮೆರಾದ ಮೀಟರ್ ದೃಶ್ಯವೆಲ್ಲ ಕತ್ತಲೆ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಿಳಿ ಬರ್ನ್ ಆಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದರೆ, ಅಂದರೆ ಬೆಳಕನ್ನು ಅರ್ಧಕ್ಕೆ ತಂದರೆ, ಮುಗಿಯಿತು. ಇಷ್ಟು ಸಣ್ಣ ಮಾತು ತಲೆಗೆ ಹತ್ತಲು ನನಗೆ ನಾಲ್ಕು ತಿಂಗಳು ಬೇಕಾಯಿತು. ತಪ್ಪು ಗೊತ್ತಾಗುವ ಹೊತ್ತಿಗೆ ಹಕ್ಕಿ ಹಾರಿಹೋಗಿರುತ್ತಿತ್ತು. ಮುಂದಿನ ಭಾನುವಾರ ಮೋಡ. ಅದರ ಮುಂದಿನ ವಾರ ಬೇರೆ ಹಕ್ಕಿ, ಬೇರೆ ಬೆಳಕು. ಎರಡು ಪ್ರಯತ್ನಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶವೇ ಸಿಗಲಿಲ್ಲ.

ತಾರಸಿಯಲ್ಲಿ ಇದೇ ಪಾಠ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಮೊದಲ ಸೀರೆಯ ಒಡಲು ನೂಲು, ಸೆರಗು ರೇಷ್ಮೆ. ಒಡಲು ಸರಿಯಾಗಿ ಬಂದಿತ್ತು, ಸೆರಗಿನ ಕೆಂಪು ಮಾತ್ರ ಚಪ್ಪಟೆಯಾಗಿ, ಎಳೆಗಳೇ ಇಲ್ಲದೆ, ಬಣ್ಣ ಚೆಲ್ಲಿದಂತೆ ಕಂಡಿತು. ಅತ್ತಿಗೆ ಪರದೆ ನೋಡಿದವರೇ, "ಇದು ನಮ್ಮ ಸೆರಗಿನ ಕೆಂಪಲ್ಲ ನೋಡಪ್ಪಾ, ತಗೊಂಡವರು ವಾಪಸ್ ಕಳಸ್ತಾರ," ಅಂದರು. ಗಾಢ ಕೆಂಪು ಬಟ್ಟೆಯಲ್ಲಿ ಫೋಟೊದ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಪೈಕಿ ಕೆಂಪು ಮಾತ್ರ ತುಂಬಿ ಹರಿಯುತ್ತದೆ, ಒಟ್ಟು ಹಿಸ್ಟೋಗ್ರಾಂ (ಫೋಟೊದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಬೇರೆಬೇರೆಯಾಗಿ ತೆರೆದು ನೋಡಿದಾಗಲೇ ಅದು ಗೊತ್ತಾದದ್ದು. ಮುಕ್ಕಾಲು ಸ್ಟಾಪ್ ಇಳಿಸಿ ಮತ್ತೆ ತೆಗೆದೆ. ಅದೇ ಹುಡುಗಿ, ಅದೇ ಸೀರೆ, ಅದೇ ಬಿಸಿಲು. ಎಳೆಗೆ ಎಳೆ ಕೊಂಡಿ ಹಾಕಿ ಒಡಲಿಗೆ ಸೆರಗು ಸೇರಿಸಿದ ಗೆರೆ ಕೂಡ ಎದ್ದು ಕಂಡಿತು. ಆಮೇಲೆ ಜರಿಯ ಸೀರೆ ಬಂತು. ಜರಿ ಮಾಡುವ ತೊಂದರೆ ಕೊಕ್ಕರೆಯ ಬಿಳಿ ಗರಿಯದ್ದೇ. ಕೆರೆಯಲ್ಲಿ ಅಷ್ಟು ತಿಂಗಳು ಎಡವಿದ್ದು ಯಾಕೆ ಅಂತ ಪೂರ್ತಿ ಅರ್ಥವಾದದ್ದು ಆ ತಾರಸಿಯಲ್ಲಿ.

ಇನ್ನೊಂದು ಸಂಗತಿ: ಸಣ್ಣ ಚೌಕುಳಿಯ ಸೀರೆಯಲ್ಲಿ ಬಟ್ಟೆಯಲ್ಲಿಲ್ಲದ ಅಲೆಅಲೆ ಪಟ್ಟೆಗಳು ಫೋಟೊದಲ್ಲಿ ಏಳುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ ಮೋರೆ (moiré) ಅನ್ನುತ್ತಾರೆ. ನೇಯ್ಗೆಯ ಗೆರೆಗಳು ಸೆನ್ಸರಿನ ಪಿಕ್ಸೆಲ್ ಸಾಲುಗಳೊಂದಿಗೆ ಬೆರೆತಾಗ ಹೀಗಾಗುತ್ತದೆ. ಎರಡು ಹೆಜ್ಜೆ ಮುಂದೆಯೋ ಹಿಂದೆಯೋ ಹೋದರೆ ಸಾಕು.

ಬೆಳಕಿನ ಸಾಮಾನಿಗೆ ನನಗಾದ ಖರ್ಚು ಒಂದು ಥರ್ಮಕೋಲ್ ಹಾಳೆ, ಒಂದು ಬಿಳಿ ಪಂಚೆ. ಪಂಚೆಯನ್ನು ಬಟ್ಟೆ ಒಣಗಿಸುವ ತಂತಿಗೆ ಹರವಿದರೆ ಬಿಸಿಲು ಮೆತ್ತಗಾಗುತ್ತದೆ, ಥರ್ಮಕೋಲ್ ಎದುರು ಹಿಡಿದರೆ ಕಣ್ಣಿನ ಕೆಳಗಿನ ನೆರಳು ತಿಳಿಯಾಗುತ್ತದೆ. ಹಾಳೆಯನ್ನು ಒಂದು ಅಡಿ ಹತ್ತಿರ ತಂದರೆ ಮುಖ ಹೇಗೆ ಬದಲಾಗುತ್ತದೆ ಎನ್ನುವುದನ್ನು ಕಣ್ಣಾರೆ ನೋಡುತ್ತ ಕಲಿಯಬಹುದು. ಹಕ್ಕಿಗೆ ಯಾರೂ ಥರ್ಮಕೋಲ್ ಹಿಡಿಯಲಾಗದು.

ಹಾಗಂತ ಬಟ್ಟೆ ಎಲ್ಲವನ್ನೂ ಕಲಿಸುವುದಿಲ್ಲ. ಮುಂದೇನಾಗುತ್ತದೆ ಎಂದು ಊಹಿಸುವುದನ್ನು ನಾನು ಕಲಿತದ್ದು ರಂಗನತಿಟ್ಟಿನ ದೋಣಿಯಲ್ಲಿ. ಅಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ, ದೋಣಿಯೇ ತೂಗುತ್ತಿರುತ್ತದೆ. ಷಟರ್ ವೇಗ 1/2000 ಸೆಕೆಂಡಿಗೆ ಏರಿಸಿ, ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಏರಿದರೆ ಏರಲಿ ಎಂದು ಬಿಡಬೇಕು. ಮೊದಲ ಎರಡು ಸಲ ನನಗೆ ಸಿಕ್ಕಿದ್ದೆಲ್ಲ ಹಕ್ಕಿಯ ಬೆನ್ನು. ಮೂರನೇ ಸಲ ಹುಟ್ಟು ಹಾಕುತ್ತಿದ್ದ ಅಣ್ಣ, "ಗಾಳಿ ಯಾವ ಕಡೆಯಿಂದ ಬೀಸ್ತಾ ಐತೆ ನೋಡ್ಕೊಳಿ ಸಾರ್, ಅದು ಎದುರುಗಾಳಿಗೇ ಏಳೋದು," ಅಂದರು. ಹೌದು, ದೊಡ್ಡ ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಮುಖ ಮಾಡಿ. ಗಾಳಿಯೂ ಸೂರ್ಯನೂ ನಮ್ಮ ಬೆನ್ನಿಗಿದ್ದರೆ ಹಕ್ಕಿ ಬೆಳಕಿನಲ್ಲಿ ನಮ್ಮ ಕಡೆಗೇ ಬರುತ್ತದೆ. ಅವತ್ತು ಕಡ್ಡಿ ಕಚ್ಚಿಕೊಂಡು ಬಂದ ಬಣ್ಣದ ಕೊಕ್ಕರೆ ಫ್ರೇಮ್ ತುಂಬ ಸಿಕ್ಕಿತು, ಕಣ್ಣು ಶಾರ್ಪ್, ಗರಿ ಗರಿ ಬಿಡಿಬಿಡಿ. ಯಾವ ಸೀರೆಯ ಫೋಟೊವೂ ನನಗೆ ಅಂಥ ಖುಷಿ ಕೊಟ್ಟಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಅಲ್ಲಿ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೋಗಿ.

ಫ್ಯಾಷನ್‌ನ ಕಷ್ಟ ಕ್ಯಾಮೆರಾದ್ದಲ್ಲ, ಮಾತಿನದ್ದು. ಎದುರಿಗಿರುವವಳು ಮನುಷ್ಯಳು, ಬಿಸಿಲಿನಲ್ಲಿ ನಿಂತಿದ್ದಾಳೆ, ಪಿನ್ ಚುಚ್ಚುತ್ತಿರಬಹುದು. ಸುಮ್ಮನೆ ಕ್ಲಿಕ್ ಮಾಡುತ್ತ ಹೋದರೆ ಮುಖ ಬಿಗಿಯುತ್ತದೆ. ಪ್ರತಿ ಹತ್ತು ಫೋಟೊಗೆ ಒಮ್ಮೆ ಅವಳಿಗೆ ತೋರಿಸುತ್ತೇನೆ, ಬೇಡ ಅಂದದ್ದನ್ನು ಅಲ್ಲೇ ಅಳಿಸುತ್ತೇನೆ. ಹಕ್ಕಿಗೆ ಬೇಡ ಅನ್ನಲು ಬಾಯಿಲ್ಲ, ಆದ್ದರಿಂದ ಗೂಡಿನ ಹತ್ತಿರ ಹೋಗದಿರುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯದಿರುವುದು ನಮ್ಮ ಮೇಲೇ ಇದೆ. ಗೂಡು ನೋಡಲೇಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ. ಹೆಜ್ಜಾರ್ಲೆಗಳು (ಪೆಲಿಕನ್) ಮನೆಗಳ ನಡುವಿನ ಮರಗಳ ಮೇಲೇ ಸಂಸಾರ ಹೂಡಿರುತ್ತವೆ, ರಸ್ತೆಯಲ್ಲಿ ನಿಂತೇ ತೆಗೆಯಬಹುದು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಅವುಗಳನ್ನು ಕಾಣುವ ಊರು ಅದು.

ಎರಡೂ ಕಡೆ ದುಬಾರಿ ಕನಸುಗಳಿವೆ. ಕಬಿನಿ ಸಫಾರಿಗೆ ಒಮ್ಮೆ ಹೋದೆ. ಎಲೆಗಳ ಮರೆಯಲ್ಲಿ ಮಲಗಿದ್ದ ಚಿರತೆಯ ಬಾಲ 300 ಎಂಎಂನಲ್ಲಿ ಬೆರಳಿನಷ್ಟು ಬಂತು. ಬೆಂಗಳೂರಿನಲ್ಲಿ ಒಂದು ಸ್ಟುಡಿಯೊ ಬಾಡಿಗೆಗೆ ಹಿಡಿದೆ. ಅರ್ಧ ಸಮಯ ಅವರ ಫ್ಲ್ಯಾಷ್ ಟ್ರಿಗರ್ ಸರಿ ಮಾಡುವುದರಲ್ಲೇ ಹೋಯಿತು. ಮೊದಲ ವರ್ಷದಲ್ಲಿ ಎರಡೂ ಬೇಡ.

ಲೆನ್ಸ್ ವಿಷಯ. ಹಕ್ಕಿಗೆಂದು ಕೊಂಡ 70-300 ಅನ್ನು 135ರ ಆಸುಪಾಸಿನಲ್ಲಿಟ್ಟು ಸೊಂಟದ ಎತ್ತರಕ್ಕೆ ಕೂತು ತೆಗೆದರೆ ಸೀರೆಯ ಪೂರ್ತಿ ಉದ್ದ ತುಂಬ ಚೆನ್ನಾಗಿ ಬರುತ್ತದೆ. 50 ಎಂಎಂನಲ್ಲಿ ಹಕ್ಕಿ ತೆಗೆಯಲಾಗದು. ಒಂದಕ್ಕೇ ದುಡ್ಡಿದ್ದರೆ 70-300 ತೆಗೆದುಕೊಳ್ಳಿ. ಮೊದಲ ಮೂರು ತಿಂಗಳು ಮನೆಯವರನ್ನು ತಾರಸಿಗೆ ಕರೆದು, ಅವರ ಇಷ್ಟದ ಬಟ್ಟೆ ಉಡಿಸಿ ತೆಗೆಯಿರಿ. ಬಿಳಿ, ಕೆಂಪು, ಜರಿ ಮೂರೂ ಹತೋಟಿಗೆ ಬಂದ ಮೇಲೆ ಕೆರೆಗೆ ಬನ್ನಿ. ಕುಕ್ಕರಹಳ್ಳಿಯಲ್ಲಿ ಭಾನುವಾರ ಆರಕ್ಕೆ ನಾನಿರುತ್ತೇನೆ.