ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ನೇರ ಹೋಗೋದಾ, ದುಬೈ ಮೇಲೋ, ಫ್ರಾಂಕ್‌ಫರ್ಟ್ ಮೇಲೋ?

ಟಿಕೆಟ್ ಹುಡುಕುವಾಗ ಎಲ್ಲರ ಕಣ್ಣು ಹೋಗೋದು ಒಟ್ಟು ಎಷ್ಟು ಗಂಟೆ ಅನ್ನೋದರ ಮೇಲೆ. ನಾನು ನೋಡುವುದೇ ಬೇರೆ. ಒಂದೇ ಸಲಕ್ಕೆ ಎಷ್ಟು ಹೊತ್ತು ಸೀಟಿನಲ್ಲಿ ಕೂರಬೇಕು? ಮೂರು ದಾರಿಯಲ್ಲೂ ಹೋಗಿ ಬಂದ ಮೇಲೆ ನನಗೆ ಅದೇ ಮುಖ್ಯ ಅನ್ನಿಸಿದೆ.

ನೇರ ದಾರಿ ಸುಮಾರು 14,000 ಕಿಲೋಮೀಟರ್, ಹೆಚ್ಚುಕಡಿಮೆ 17 ಗಂಟೆ. ಏರ್ ಇಂಡಿಯಾ ಇದನ್ನು ಶುರು ಮಾಡಿದ್ದು 2021ರ ಜನವರಿಯಲ್ಲಿ. ಈ ಸೇವೆ ನಿಂತುಹೋಗಿ ಮತ್ತೆ ಶುರುವಾದದ್ದೂ ಇದೆ, ಹಾಗಾಗಿ ನಿಮ್ಮ ತಾರೀಖಿಗೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಮಧ್ಯಾಹ್ನ ಹೊರಟರೆ ಅಲ್ಲಿ ಅದೇ ತಾರೀಖಿನ ಸಂಜೆ ಇಳಿಯಬಹುದು. ವಿಮಾನ ಇದ್ದರೆ ಮೊದಲ ಸಲ ಹೋಗುವ ಅಪ್ಪ ಅಮ್ಮನಿಗೆ ಕಣ್ಣು ಮುಚ್ಚಿಕೊಂಡು ಇದನ್ನೇ ಬುಕ್ ಮಾಡಿ. ಗೇಟ್ ಹುಡುಕುವ ತಲೆನೋವೇ ಇಲ್ಲ. ದುಡ್ಡು ಮಾತ್ರ ಜಾಸ್ತಿ.

ಅಂದಹಾಗೆ ದೂರ ಕಮ್ಮಿ ಆದರೆ ಸಮಯವೂ ಕಮ್ಮಿ ಅಂದುಕೊಳ್ಳಬೇಡಿ. 2016ರಲ್ಲಿ ಇದೇ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿತು. ದೂರ 15,300 ಕಿಲೋಮೀಟರಿಗೆ ಏರಿತು, ಆದರೂ ಮೊದಲಿಗಿಂತ ಬೇಗ, ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಮೇಲಿನ ಗಾಳಿ ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ, ಅದು ಬೆನ್ನ ಹಿಂದಿನಿಂದ ತಳ್ಳಿತು, ಅಷ್ಟೆ.

ದುಬೈ ದಾರಿ ನನಗೆ ಹಿಡಿಸಲಿಲ್ಲ. ಮೊದಲು ನಾಲ್ಕು ಗಂಟೆ, ಊಟ ಮುಗಿಸಿ ಕಣ್ಣು ಹತ್ತುವಷ್ಟರಲ್ಲಿ ಇಳಿಯಬೇಕು. ಆಮೇಲೆ ಸುಮಾರು 13,000 ಕಿಲೋಮೀಟರ್, 16 ಗಂಟೆ! ನೇರ ವಿಮಾನಕ್ಕಿಂತ ಬರೀ ಒಂದು ಗಂಟೆ ಕಮ್ಮಿ. ಹಾಗಾದರೆ ನಡುವೆ ಇಳಿದು ಸಿಕ್ಕಿದ್ದೇನು? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವಾಗ ಕಾಲು ಊದಿಕೊಂಡಿತ್ತು. ಶೂ ಲೇಸ್ ಪೂರ್ತಿ ಸಡಿಲ ಮಾಡಿಕೊಂಡು ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ಟಿಕೆಟ್ ತುಂಬಾ ಅಗ್ಗಕ್ಕೆ ಸಿಕ್ಕರೆ ಸರಿ, ಇಲ್ಲದಿದ್ದರೆ ಬೇಡ.

ಒಬ್ಬನೇ ಹೋಗುವಾಗ ನನ್ನ ಓಟು ಫ್ರಾಂಕ್‌ಫರ್ಟ್‌ಗೆ. ಒಟ್ಟು ದೂರ 16,500 ಕಿಲೋಮೀಟರ್ ದಾಟುತ್ತದೆ, ಮೂರರಲ್ಲಿ ಇದೇ ಉದ್ದ. ಆದರೆ ಪಯಣ ಹತ್ತು ಮತ್ತು ಹನ್ನೊಂದೂವರೆ ಗಂಟೆಯ ಎರಡು ತುಂಡಾಗುತ್ತದೆ. ಬೆಂಗಳೂರಿನಿಂದ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಆಗ ಹೇಗೂ ನಮ್ಮ ನಿದ್ದೆಯ ಹೊತ್ತು. ಏರಿದ ತಕ್ಷಣ ಊಟ ಬೇಡ ಅಂದು ಹೊದ್ದು ಮಲಗಿಬಿಡುತ್ತೇನೆ. ಫ್ರಾಂಕ್‌ಫರ್ಟ್‌ನಲ್ಲಿ ಬೆಳಿಗ್ಗೆ ಹಲ್ಲುಜ್ಜಿ, ಕಾಫಿ ಕುಡಿದು, ಉದ್ದಕ್ಕೆ ನಡೆದರೆ ಸೊಂಟ ಮತ್ತೆ ನಮ್ಮದಾಗುತ್ತದೆ. ಅಲ್ಲಿ ಇನ್ನೊಮ್ಮೆ ಸೆಕ್ಯುರಿಟಿ ಚೆಕ್ ಇರುತ್ತದೆ, ಸಾಲು ಬೆಳೆಯುತ್ತದೆ. ನಡುವೆ ಎರಡು ಗಂಟೆಗಿಂತ ಕಮ್ಮಿ ಇರುವ ಟಿಕೆಟ್ ನಾನಂತೂ ತೆಗೆಯುವುದಿಲ್ಲ.

ವಾಪಸ್ ಬರುವಾಗ ಒಂದು ತೊಂದರೆ ಇದೆ. ಫ್ರಾಂಕ್‌ಫರ್ಟ್ ವಿಮಾನ ಬೆಂಗಳೂರಿನಲ್ಲಿ ಇಳಿಯುವುದು ನಡುರಾತ್ರಿಯಲ್ಲಿ. ಊರಿನೊಳಗೆ ಮನೆ ಇದ್ದವರಿಗೆ ಒಳ್ಳೆಯದೇ, ರಸ್ತೆ ಖಾಲಿ ಇರುತ್ತದೆ. ಮೈಸೂರು ಕಡೆಯವರು ಮಾತ್ರ ಏರ್‌ಪೋರ್ಟಿನಿಂದಲೇ ಹೊರಡುವ ಫ್ಲೈಬಸ್‌ನ ಟೈಮಿಂಗ್ ನೋಡಿಕೊಂಡೇ ಟಿಕೆಟ್ ಮಾಡಿಸಿ.