ಪಿವಿಸಿ ತೆಗೆಸಿ ಬೀಡಿನ ಪೈಪ್ ಹಾಕಿಸಿದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಬಚ್ಚಲು, ಕಕ್ಕಸಿನ ನೀರು ಇಳಿಯುವ ಪೈಪಿನ ವಿಷಯದಲ್ಲಿ ನನ್ನ ಓಟು ಒಳಗೆ ಎಪಾಕ್ಸಿ (ತುಕ್ಕು ತಡೆಯುವ ಗಟ್ಟಿ ರಾಳ) ಕೋಟಿಂಗ್ ಇರುವ ಬೀಡಿನ, ಅಂದರೆ ಎರಕದ ಕಬ್ಬಿಣದ ಪೈಪಿಗೆ. ಪ್ಲಂಬರ್‌ಗಳು ಸಿಐ ಪೈಪ್ ಅನ್ನುವುದು ಇದಕ್ಕೇ. ದುಡ್ಡು ಜಾಸ್ತಿ ಆಯಿತು, ಕೆಲಸ ಎಳೆಯಿತು, ಮನೆಯವರಿಂದ ಮಾತೂ ಕೇಳಿದ್ದಾಯಿತು. ಆದರೂ ಇನ್ನೊಂದು ಮನೆ ಕಟ್ಟಿಸಿದರೆ ಮಲಗುವ ಕೋಣೆ ಪಕ್ಕದ ಡಕ್ಟಿಗೆ (ಪೈಪುಗಳು ಮೇಲಿಂದ ಕೆಳಗೆ ಇಳಿಯಲು ಬಿಟ್ಟ ಕಿರಿದಾದ ಜಾಗ) ಇದನ್ನೇ ಹಾಕಿಸುತ್ತೇನೆ.

ನಮ್ಮದು ಬೆಂಗಳೂರಿನಲ್ಲಿ ನೆಲಮಹಡಿ ಮತ್ತು ಮೇಲೆರಡು ಮಹಡಿ ಇರುವ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಎರಡು ಡಕ್ಟ್ ಇವೆ. ಒಂದರಲ್ಲಿ ಬಾತ್‌ರೂಮುಗಳ ಪೈಪು, ಇನ್ನೊಂದರಲ್ಲಿ ಅಡುಗೆಮನೆಗಳದ್ದು. ಬಾತ್‌ರೂಮಿನ ಡಕ್ಟ್ ಇರುವುದು ಸರಿಯಾಗಿ ನಮ್ಮ ಮಂಚದ ತಲೆದೆಸೆಗೆ, ನಡುವೆ ನಾಲ್ಕಿಂಚಿನ ಗೋಡೆ. ಕಟ್ಟಿಸುವಾಗ ಎಲ್ಲರ ಹಾಗೆ ಪಿವಿಸಿ ಹಾಕಿಸಿದ್ದೆವು. ಮೇಲೆ ಯಾರು ಎಷ್ಟು ಹೊತ್ತಿಗೆ ಎದ್ದರು ಅಂತ ನಮಗೆ ಮಲಗಿದಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಹೆಗ್ಗಣ ಬಂದು ಕೆಳಗೆ ಪೈಪು ತಿರುಗುವ ಕಡೆಯ ಬೆಂಡನ್ನು ಕಡಿದು ಹಾಕಿತು. ಡಕ್ಟ್ ತುಂಬ ವಾಸನೆ. ಹೇಗೂ ಬಿಚ್ಚಲೇಬೇಕು, ಪೂರ್ತಿ ಬದಲಾಯಿಸೋಣ ಅಂತ ಆಯಿತು.

ಬಾತ್‌ರೂಮಿನ ಡಕ್ಟಿಗೆ ಕೋಟಿಂಗ್ ಇರುವ ಬೀಡು ಹಾಕಿಸಿದೆ. ಅಡುಗೆಮನೆಯ ಡಕ್ಟಿಗೆ ಈಗ 'ಸೈಲೆಂಟ್ ಪೈಪ್' ಅಂತ ಮಾರುತ್ತಾರಲ್ಲ, ಖನಿಜದ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಪೈಪು, ಅದು. ಪಿವಿಸಿಯ ಅನುಭವ ಮೊದಲೇ ಇತ್ತು. ಹಳೇ ಕಾಲದ ಸೀಸದ ಜಾಯಿಂಟಿನ ಬೀಡು ಮೈಸೂರಿನ ನಮ್ಮಪ್ಪನ ಮನೆಯಲ್ಲಿದೆ. ಹೀಗೆ ನಾಲ್ಕನ್ನೂ ಹತ್ತಿರದಿಂದ ನೋಡಿದ್ದಾಯಿತು.

ಸದ್ದಿನ ವಿಷಯ ಮೊದಲು, ಏಕೆಂದರೆ ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ. ನಾಲ್ಕಿಂಚಿನ ಪಿವಿಸಿ ಪೈಪಿನ ದಪ್ಪ ಸುಮಾರು 3.2 ಮಿಲಿಮೀಟರ್. ಅದೇ ಅಳತೆಯ ಬೀಡಿನ ಪೈಪಿನ ದಪ್ಪ 3.5. ಪಕ್ಕಪಕ್ಕ ಇಟ್ಟರೆ ಹೆಚ್ಚು ಕಡಿಮೆ ಒಂದೇ. ಎತ್ತಿ ನೋಡಿ, ಆಗ ಗೊತ್ತಾಗುತ್ತದೆ. ಪಿವಿಸಿ ಮೀಟರಿಗೆ ಒಂದೂವರೆ ಕಿಲೋ ಚಿಲ್ಲರೆ, ಬೀಡು ಎಂಟು ಕಿಲೋ ಮೇಲೆ. ಬೀಳುವ ನೀರು ಪೈಪಿನ ಗೋಡೆಗೆ ಬಡಿದಾಗ ತೆಳು ಪ್ಲಾಸ್ಟಿಕ್ ನಡುಗಿ ಸದ್ದನ್ನು ಹೊರಗೆ ಬಿಡುತ್ತದೆ. ಭಾರದ ಗೋಡೆ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ, ತೂಕವೇ ಕೆಲಸ ಮಾಡುವುದು.

ಜೊತೆಗೆ ಹೊಸ ಬೀಡಿನ ಪೈಪಿಗೆ ಸಾಕೆಟ್, ಅಂದರೆ ಇನ್ನೊಂದು ಪೈಪು ಒಳಗೆ ಕೂರುವ ಅಗಲ ಬಾಯಿ, ಇರುವುದಿಲ್ಲ. ಎರಡು ನೇರ ತುದಿಗಳನ್ನು ಎದುರುಬದುರು ಇಟ್ಟು, ಮೇಲೆ ರಬ್ಬರ್ ತೋಳು, ಅದರ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಹಾಕಿ ಬೋಲ್ಟ್ ಬಿಗಿಯುತ್ತಾರೆ. ಕಪ್ಲಿಂಗ್ ಅನ್ನುವುದು ಈ ಜೋಡಣೆಗೆ. ಭಾರತದ ಮಾನಕದಲ್ಲಿ ಈ ಪೈಪು ಐಎಸ್ 15905. ಲೋಹಕ್ಕೆ ಲೋಹ ತಾಗುವುದಿಲ್ಲವಾದ್ದರಿಂದ ಒಂದು ಮಹಡಿಯ ಸದ್ದು ಪೈಪ್ ಹಿಡಿದು ಇನ್ನೊಂದಕ್ಕೆ ಇಳಿಯುವುದೂ ಕಡಿಮೆ. ಗೋಡೆಗೆ ಹಿಡಿಸುವ ಕ್ಲಾಂಪಿಗೂ ಒಳಗೆ ರಬ್ಬರ್ ಇರುವುದನ್ನೇ ತೆಗೆದುಕೊಳ್ಳಿ. ಬರೀ ಕಬ್ಬಿಣದ ಕ್ಲಾಂಪ್ ಹಾಕಿದರೆ ಸದ್ದು ಅದರ ಮೂಲಕ ಗೋಡೆಗೆ ಹೋಗುತ್ತದೆ.

ಪೂರ್ತಿ ನಿಶ್ಶಬ್ದವೇ? ಇಲ್ಲ. ಕೆಳಗೆ ಪೈಪ್ ಅಡ್ಡ ತಿರುಗುವ ಕಡೆ ಈಗಲೂ ಸಣ್ಣ ಸದ್ದಿದೆ, ಕಿವಿ ಕೊಟ್ಟರೆ ಕೇಳುತ್ತದೆ. ನಿದ್ದೆ ಕೆಡಿಸುವ ಸದ್ದಲ್ಲ. ಸೈಲೆಂಟ್ ಪೈಪು ಪಿವಿಸಿಗಿಂತ ಎಷ್ಟೋ ಮೇಲು, ಬೀಡಿಗಿಂತ ಒಂದು ಮೆಟ್ಟಿಲು ಕೆಳಗೆ. ಅಡುಗೆಮನೆಗೆ ಅಷ್ಟು ಸಾಕು.

ಇನ್ನು ತಲೆಕೆಟ್ಟುಹೋದ ಕಥೆ.

ಹೊಸ ಮನೆಗೆ ಬೀಡು ಹಾಕುವುದು ಬೇರೆ, ಹಳೇ ಮನೆಯಲ್ಲಿ ಪಿವಿಸಿ ತೆಗೆದು ಹಾಕುವುದೇ ಬೇರೆ. ಡಕ್ಟಿನೊಳಗಿನ ನಿಂತ ಪೈಪು ಮಾತ್ರ ಬದಲು ಮಾಡುವುದು ನಮ್ಮ ಯೋಜನೆ. ಬಾತ್‌ರೂಮಿನ ನೆಲದೊಳಗಿನ ಪಿವಿಸಿ ಹಾಗೇ ಇರಬೇಕು, ಇಲ್ಲದಿದ್ದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಅಂದರೆ ಗೋಡೆಯಿಂದ ಹೊರಬರುವ ಪಿವಿಸಿ ತುದಿಗೆ ಬೀಡನ್ನು ಕೂಡಿಸಬೇಕು. ಕಮೋಡಿನ ಪೈಪಿಗೆ ತೊಂದರೆಯೇ ಆಗಲಿಲ್ಲ. ಅಲ್ಲಿ ಪಿವಿಸಿಯ ಹೊರ ಅಳತೆ 110 ಮಿಲಿಮೀಟರ್, ನಾಲ್ಕಿಂಚಿನ ಬೀಡಿನ ಹೊರ ಅಳತೆಯೂ 110. ರಬ್ಬರ್ ತೋಳು ಎರಡಕ್ಕೂ ಸರಿಯಾಗಿ ಕೂತಿತು. ಪ್ಲಂಬರ್ ನಗುನಗುತ್ತಾ ಮೊದಲ ಮಹಡಿ ಮುಗಿಸಿದರು.

ಸ್ನಾನದ ನೀರು ಬರುವ ಮೂರಿಂಚಿನ ಪೈಪಿಗೆ ಬಂದಾಗ ನಗು ನಿಂತಿತು. ಪಿವಿಸಿಯಲ್ಲಿ 75 ಅಂದರೆ ಹೊರ ಅಳತೆ 75. ಬೀಡಿನಲ್ಲಿ 75 ಅಂದರೆ ಒಳಗಿನ ಲೆಕ್ಕ, ಹೊರ ಅಳತೆ 83. ಎರಡರ ಮೇಲೂ 75 ಅಂತಲೇ ಬರೆದಿದೆ. ಎಂಟು ಮಿಲಿಮೀಟರ್ ವ್ಯತ್ಯಾಸ, ಸುತ್ತಲೂ ನಾಲ್ಕು ನಾಲ್ಕು ಮಿಲಿಮೀಟರ್ ಸಂದು. ಬೀಡಿನ ಕಪ್ಲಿಂಗ್ ಎಷ್ಟು ಬಿಗಿದರೂ ಪಿವಿಸಿ ಕಡೆ ಗಡಗಡ ಅಲ್ಲಾಡುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಈ ಮಾತು ಯಾರೂ ಎತ್ತಿರಲಿಲ್ಲ.

ಪ್ಲಂಬರ್ ಕೊಟ್ಟ ಉಪಾಯ, ಪಿವಿಸಿ ಮೇಲೆ ಹಳೇ ಸೈಕಲ್ ಟ್ಯೂಬ್ ಸುತ್ತುವುದು. 'ಸಾರ್, ಇದು ಎಲ್ಲೂ ಫೇಲ್ ಆಗಿಲ್ಲ' ಅಂದರು. ಬೇಡ ಅಂದರೂ ಒಂದು ಕಡೆ ಮಾಡಿ ತೋರಿಸಿದರು. ಅವತ್ತು ಸೋರಲಿಲ್ಲ. ಕೆಲವು ದಿನ ಕಳೆದ ಮೇಲೆ ಡಕ್ಟಿನ ಗೋಡೆಯಲ್ಲಿ ಉದ್ದಕ್ಕೆ ನೀರಿನ ಗೆರೆ. ಆ ಟ್ಯೂಬ್ ಈ ಕೆಲಸಕ್ಕೆ ಮಾಡಿದ್ದಲ್ಲ, ಬಿಸಿನೀರು ಸೋಪುನೀರು ತಾಗಿ ಸಡಿಲವಾಗಿತ್ತು. ಎರಡನೇ ಉಪಾಯ ಎಂ-ಸೀಲ್ ತುಂಬುವುದು. ಅದಕ್ಕೆ ನಾನು ಒಪ್ಪಲಿಲ್ಲ. ಗೀಸರಿನ ನೀರಿಗೆ ಪಿವಿಸಿ ಹಿಗ್ಗಿ ಕುಗ್ಗುವುದು ಬೀಡಿಗಿಂತ ಐದಾರು ಪಟ್ಟು ಹೆಚ್ಚು. ಒಂದು ಹಿಗ್ಗಿ ಇನ್ನೊಂದು ಸುಮ್ನೆ ನಿಂತರೆ ನಡುವಿನ ಗಟ್ಟಿ ಮುದ್ದೆ ಬಿರುಕು ಬಿಡಲೇಬೇಕಲ್ವಾ?

ಇದಕ್ಕೆಂದೇ ಒಂದು ಕಡೆ ಸಣ್ಣ, ಇನ್ನೊಂದು ಕಡೆ ದೊಡ್ಡ ಬಾಯಿ ಇರುವ ರಬ್ಬರ್ ಕಪ್ಲಿಂಗ್ ಇದೆ. ಬೇರೆ ಬೇರೆ ಅಳತೆಯ ಪೈಪ್ ಕೂಡಿಸಲು ಮಾಡಿದ್ದು. ಆದರೆ ನಾನು ಕೇಳಿದ ಅಂಗಡಿಗಳಲ್ಲಿ ಸ್ಟಾಕ್ ಇರಲಿಲ್ಲ. ಆರ್ಡರ್ ಹಾಕಿದರೆ ಯಾವಾಗ ಬರುತ್ತದೆ ಅಂದದ್ದಕ್ಕೆ 'ಬಂದಾಗ ಹೇಳ್ತೀವಿ' ಅನ್ನುವ ಉತ್ತರ. ಅಷ್ಟರಲ್ಲಿ ಎರಡನೇ ಮಹಡಿಯವರು ಒಂದೇ ಬಾತ್‌ರೂಮಿನಲ್ಲಿ ಮನೆ ಮಂದಿಯೆಲ್ಲ ಸ್ನಾನ ಮುಗಿಸಿ ಆಫೀಸಿಗೆ ಓಡುತ್ತಿದ್ದರು. ನಾನು ಮೆಟ್ಟಿಲ ಹತ್ತಿರ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದೆ.

ಕೊನೆಗೆ ದಾರಿ ಸಿಕ್ಕಿದ್ದು ಮಾಮೂಲಿ ಪಿವಿಸಿ ಅಂಗಡಿಯಲ್ಲೇ. 110ಕ್ಕೆ 75ರ ಪಿವಿಸಿ ರಿಡ್ಯೂಸರ್ ಯಾವ ಬೀದಿಯಲ್ಲಾದರೂ ಸಿಗುತ್ತದೆ. ಗೋಡೆಯಿಂದ ಬರುವ 75ರ ಪಿವಿಸಿಯನ್ನು ಪಿವಿಸಿಯಲ್ಲೇ 110ಕ್ಕೆ ಏರಿಸಿದೆವು. 110ಕ್ಕೂ ನಾಲ್ಕಿಂಚಿನ ಬೀಡಿಗೂ ಹೇಗೂ ಹೊಂದುತ್ತದೆ. ಮೂರಿಂಚು ಕವಲಿನ ಬೀಡಿನ ಟೀ (T ಆಕಾರದ ಫಿಟ್ಟಿಂಗ್) ವಾಪಸ್ ಕೊಟ್ಟು, ಎಲ್ಲಾ ಕಡೆ ನಾಲ್ಕಿಂಚಿನ ಟೀ ತಂದೆವು. ಆಟೋ ಬಾಡಿಗೆ ಬೇರೆ. ಹಳೇ ಮನೆಗೆ ಬೀಡು ಹಾಕಿಸುವವರು ಬರೆದಿಟ್ಟುಕೊಳ್ಳಿ: ಮೂರಿಂಚಿನ ಬೀಡಿನ ಫಿಟ್ಟಿಂಗ್ ತಂಟೆಗೇ ಹೋಗಬೇಡಿ, ಕೂಡಿಸುವುದೆಲ್ಲ 110ರಲ್ಲೇ ಆಗಲಿ.

ಕೋಟಿಂಗ್ ಯಾಕೆ ಬೇಕು ಅಂತ ನಮ್ಮ ಭಾವ ಕೇಳಿದರು. 'ಭದ್ರಾವತಿ ಪೈಪು ನಮ್ಮಜ್ಜನ ಕಾಲದಿಂದ ಇವೆ, ಅವಕ್ಕೆ ಯಾವ ಬಣ್ಣ ಬಳಿದಿದ್ರು?' ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು, ಅಲ್ಲಿ ಬೀಡಿನ ಪೈಪು ಎರಕ ಹೊಯ್ದದ್ದು ನಿಜ. ಇನ್ನೂ ಹಿಂದೆ ಹೋದರೆ ಫ್ರಾನ್ಸಿನ ವರ್ಸೈ ಅರಮನೆಯ ಕಾರಂಜಿಗಳಿಗೆ 1664ರಲ್ಲಿ ಹಾಕಿದ ಬೀಡಿನ ಪೈಪು ಮುನ್ನೂರು ವರ್ಷಕ್ಕೂ ಹೆಚ್ಚು ಬಾಳಿತು. ಆದರೆ ಇವೆಲ್ಲ ಒಳ್ಳೆ ನೀರಿನ ಪೈಪಿನ ಕಥೆ. ನಾವು ಮಾತಾಡುತ್ತಿರುವುದು ಬಚ್ಚಲ ನೀರು, ಕಕ್ಕಸಿನ ನೀರು.

ಕೊಳಚೆಯಿಂದ ಏಳುವ ಗ್ಯಾಸ್ ಪೈಪಿನ ಒದ್ದೆ ಗೋಡೆಗೆ ಹತ್ತುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡುತ್ತವೆ. ಇದರ ಮೇಲೆ ನಮ್ಮ ಕಡೆ ಕಮೋಡ್ ತೊಳೆಯಲು ಬಳಸುವ ಆಸಿಡ್. ಬರೀ ಬೀಡಿಗೆ ಇದು ಆಗಿಬರುವುದಿಲ್ಲ. ಕಬ್ಬಿಣ ಕರಗಿ ಹೋಗಿ ಒಳಗಿನ ಗ್ರಾಫೈಟ್ ಮಾತ್ರ ಉಳಿಯುತ್ತದೆ. ಹೊರಗಿನಿಂದ ಪೈಪು ಗಟ್ಟಿಯಾಗೇ ಕಾಣುತ್ತದೆ, ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಪೆನ್ಸಿಲ್ ಕಡ್ಡಿ ಹಾಗೆ ಉದುರುತ್ತದೆ. ಮೈಸೂರಿನ ಮನೆಯಲ್ಲಿ ಅಡ್ಡ ಮಲಗಿದ ತುಂಡೊಂದನ್ನು ತೆಗೆಸಿದಾಗ ಇದನ್ನು ಕಣ್ಣಾರೆ ನೋಡಿದೆ. ಒಳಗೆ ತುಕ್ಕಿನ ಗಂಟುಗಳು, ಅದಕ್ಕೆ ಸಿಕ್ಕಿಕೊಂಡ ಕೂದಲು, ನಾಲ್ಕಿಂಚಿನ ಬಾಯಲ್ಲಿ ನೀರಿಗೆ ಉಳಿದಿದ್ದ ದಾರಿ ಅರ್ಧವೂ ಇಲ್ಲ. ಹೊರಗೆ ಬಳಿದ ಕಪ್ಪು ಡಾಂಬರು ಮಾತ್ರ ಚೆನ್ನಾಗೇ ಇತ್ತು!

ಎಪಾಕ್ಸಿ ಪದರ ತಡೆಯುವುದು ಇದನ್ನೇ. ಒಳಮೈ ನುಣ್ಣಗಿರುವುದರಿಂದ ಕೂದಲು, ಜಿಡ್ಡು ಅಂಟುವುದೂ ಕಡಿಮೆ. ಆದರೆ ಒಂದು ಷರತ್ತಿದೆ. ಪೈಪನ್ನು ಅಳತೆಗೆ ಕತ್ತರಿಸಿದ ಕಡೆ ಬರೀ ಕಬ್ಬಿಣ ಹೊರಗೆ ಬರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ, ಆಮೇಲೆ ಕೋಟಿಂಗ್ ಕೆಳಗೇ ನುಗ್ಗುತ್ತದೆ. ಕತ್ತರಿಸಿದ ಪ್ರತಿ ತುದಿಗೂ ಎಪಾಕ್ಸಿ ಬಳಿದು, ಒಣಗಲು ಬಿಟ್ಟು, ಆಮೇಲೆ ಕಪ್ಲಿಂಗ್ ಹಾಕಬೇಕು. ಪ್ಲಂಬರ್ ತಾವಾಗೇ ಮಾಡುವುದಿಲ್ಲ. ನಾನು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ.

ಆಸಿಡ್ ವಿಷಯದಲ್ಲಿ ಪಿವಿಸಿಯೇ ಗಟ್ಟಿ, ಒಪ್ಪಿಕೊಳ್ಳಬೇಕು. ಅದಕ್ಕೆ ಕೋಟಿಂಗೂ ಬೇಡ, ಕಾವಲೂ ಬೇಡ. ಅದರ ಕಷ್ಟ ಬಿಸಿ. 75–80 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಅನ್ನ ಬಸಿದ ಗಂಜಿಯನ್ನು ಕುದಿಯುತ್ತಲೇ ಸಿಂಕಿಗೆ ಸುರಿಯುವ ಮನೆಗಳಲ್ಲಿ ಸಿಂಕಿನ ಕೆಳಗಿನ ಅಡ್ಡ ಪೈಪು ಜೋತು ಬಿದ್ದಿರುವುದು ಇದಕ್ಕೇ. ಸೈಲೆಂಟ್ ಪೈಪಿಗೆ ಕುದಿನೀರಿನ ಭಯ ಅಷ್ಟಿಲ್ಲ. ಅಡುಗೆಮನೆಗೆ ಅದನ್ನು ಆರಿಸಿದ್ದಕ್ಕೆ ಅದೇ ಮುಖ್ಯ ಕಾರಣ. ತಳ್ಳಿದರೆ ಕೂರುವ ರಬ್ಬರ್ ರಿಂಗಿನ ಜಾಯಿಂಟ್, ಅಂಟೂ ಬೇಡ, ಬೋಲ್ಟೂ ಬೇಡ.

ಬೆಂಕಿ: ಬೀಡು ಉರಿಯುವುದಿಲ್ಲ. ಪಿವಿಸಿ ಉರಿದರೆ ಕೆಟ್ಟ ಹೊಗೆ. ಕೆಲವು ದೊಡ್ಡ ಅಪಾರ್ಟ್‌ಮೆಂಟಿನವರು ಈ ಕಾರಣಕ್ಕೂ ಬೀಡು ಹಾಕಿಸುತ್ತಾರೆ, ನನ್ನ ಮೂರು ಮಹಡಿಗೆ ಅದು ಬೋನಸ್.

ಬಿಸಿಲು: ತಾರಸಿ ಮೇಲಿನ ಗಾಳಿ ಪೈಪಿನಲ್ಲಿ ಪಿವಿಸಿ ವರ್ಷ ಕಳೆದಂತೆ ಪೆಡಸಾಗುತ್ತದೆ. ಬೀಡಿಗೆ ಚಿಂತೆ ಇಲ್ಲ, ಹೊರಗಿನ ಕೆಂಪು ಪ್ರೈಮರ್ ಮೇಲೆ ಒಂದು ಕೋಟ್ ಪೇಂಟ್ ಹೊಡೆಸಿ.

ಹೆಗ್ಗಣ: ಬೀಡಿನ ಮುಂದೆ ಅದರ ಆಟ ನಡೆಯುವುದಿಲ್ಲ. ಸೈಲೆಂಟ್ ಪೈಪನ್ನು ಕಡಿಯಬಹುದು, ಅದಕ್ಕೇ ಅಡುಗೆಮನೆ ಡಕ್ಟಿನ ಕೆಳಬಾಯಿಗೆ ಜಾಲರಿ ಹಾಕಿಸಿದ್ದೇನೆ.

ಬ್ಲಾಕ್ ಬಿಡಿಸುವುದರಲ್ಲಿ ಹೊಸ ಬೀಡು ನನ್ನ ಮನಸ್ಸು ಗೆದ್ದಿತು. ಮೇಲಿನವರ ಮಗು ಕಮೋಡಿಗೆ ಏನೋ ಹಾಕಿ ನೀರು ಕಟ್ಟಿಕೊಂಡಿತ್ತು. ಕಪ್ಲಿಂಗಿನ ಎರಡು ಬೋಲ್ಟ್ ಸಡಿಲ ಮಾಡಿ, ಪಟ್ಟಿ ಸರಿಸಿ, ತುಂಡನ್ನೇ ಹೊರಗೆ ತೆಗೆದು, ಸಿಕ್ಕಿದ್ದ ಪ್ಲಾಸ್ಟಿಕ್ ಲಾರಿ ಕಿತ್ತು ಮತ್ತೆ ಕೂಡಿಸಿದರು. ಅಂಟು ಹಾಕಿದ ಪಿವಿಸಿ ಆಗಿದ್ದರೆ ಹ್ಯಾಕ್ಸಾ ಹಿಡಿದು ಕತ್ತರಿಸಿ ಹೊಸ ತುಂಡು ಹಾಕಬೇಕಿತ್ತು. ಹಳೇ ಸೀಸದ ಜಾಯಿಂಟನ್ನಂತೂ ಒಡೆಯುವುದೇ ದಾರಿ. ಸಣಬು ತುರುಕಿ, ಕಾಯಿಸಿದ ಸೀಸ ಹೊಯ್ದು, ಉಳಿಯಿಂದ ಬಡಿದು ಕೂರಿಸುವವರೂ ಈಗ ಕಡಿಮೆ. ಆ ಸೀಸದ ಹೊಗೆ ಕುಡಿಯುವ ಕೆಲಸ ಯಾರಿಗೂ ಬೇಡ ಬಿಡಿ.

ಭಾರದ ಇನ್ನೊಂದು ಮುಖವನ್ನೂ ಹೇಳಬೇಕು. ಮೂರು ಮೀಟರಿನ ಒಂದು ಪೈಪು 25 ಕಿಲೋ ಹತ್ತಿರ. ಮೇಲಕ್ಕೆ ಸಾಗಿಸಲು ಇಬ್ಬರು ಬೇಕು. ಕೈ ಜಾರಿ ಕೆಳಗೆ ಬಿದ್ದರೆ ಬೀಡು ಬಿರುಕು ಬಿಡುತ್ತದೆ, ಬಗ್ಗುವುದಿಲ್ಲ. ಗೋಡೆ ಹಾಲೋ ಬ್ಲಾಕಿನದಾದರೆ ಕ್ಲಾಂಪಿನ ಬೋಲ್ಟ್ ಹಿಡಿಯುವುದಿಲ್ಲ. ಪ್ರತಿ ಮಹಡಿಯ ಬೀಮಿಗೇ ಹಿಡಿಸಬೇಕು. ನಮ್ಮದು ಇಟ್ಟಿಗೆ ಗೋಡೆ, ಬಚಾವಾದೆವು.

ದುಡ್ಡಿನ ಮಾತು. ನಮಗೆ ಪೈಪು, ಫಿಟ್ಟಿಂಗು, ಕಪ್ಲಿಂಗ್ ಎಲ್ಲ ಸೇರಿ ಬೀಡು ಪಿವಿಸಿಯ ನಾಲ್ಕರಷ್ಟು ಆಯಿತು. ಪೈಪಿಗಿಂತ ಕಪ್ಲಿಂಗುಗಳೇ ಜೇಬು ಕತ್ತರಿಸುವುದು, ಕೊಟೇಶನ್ ಕೇಳುವಾಗ ಅದನ್ನು ಬೇರೆಯಾಗಿ ಬರೆಸಿಕೊಳ್ಳಿ. ಸೈಲೆಂಟ್ ಪೈಪು ಇವೆರಡರ ನಡುವೆ. ಮುಂದೊಂದು ದಿನ ಬೀಡನ್ನು ಗುಜರಿಗೆ ಹಾಕಿದರೆ ತೂಕಕ್ಕೆ ದುಡ್ಡು ಬರುತ್ತದೆ. ನಮ್ಮ ಹಳೇ ಪಿವಿಸಿಯನ್ನು ಗುಜರಿಯವನು ತಿರುಗಿಯೂ ನೋಡಲಿಲ್ಲ.

ಹಾಗಂತ ಎಲ್ಲ ಕಡೆ ಬೀಡು ಬೇಕಿಲ್ಲ. ಡಕ್ಟಿನ ಕೆಳಗಿಂದ ಚೇಂಬರಿನವರೆಗೆ ಮಣ್ಣೊಳಗೆ ಹೋಗುವ ಪೈಪನ್ನು ನಾನು ಪಿವಿಸಿಯಲ್ಲೇ ಉಳಿಸಿಕೊಂಡೆ. ಅಲ್ಲಿ ಸದ್ದು ಯಾರಿಗೂ ಕೇಳುವುದಿಲ್ಲ, ಮಣ್ಣಿನ ತೇವಕ್ಕೆ ಪಿವಿಸಿ ಜಗ್ಗುವುದಿಲ್ಲ. ಡಕ್ಟ್ ಮನೆಯ ಹೊರಗೋಡೆಗಿದ್ದು ಪಕ್ಕದಲ್ಲಿ ಯಾರೂ ಮಲಗದಿದ್ದರೆ ಒಳ್ಳೆ ಪಿವಿಸಿ ಹಾಕಿಸಿ ದುಡ್ಡು ಉಳಿಸಿ. ಕೊಳ್ಳುವಾಗ ಐಎಸ್ 13592ರ 'ಟೈಪ್ ಬಿ' ಅಂತ ಬರೆದಿರುವುದನ್ನೇ ನೋಡಿ ತನ್ನಿ. 'ಟೈಪ್ ಎ' ಇರುವುದು ಮಳೆನೀರಿಗೆ, ಗಾಳಿ ಪೈಪಿಗೆ. ಅಂಗಡಿಯವರು ಅದನ್ನೇ ಕಡಿಮೆ ರೇಟಿಗೆ ಕೊಡಲು ನೋಡುತ್ತಾರೆ. ಬಾಡಿಗೆ ಮನೆಯಾದರೆ ಇದ್ಯಾವುದೂ ನಿಮ್ಮ ತಲೆನೋವಲ್ಲ, ಮಂಚವನ್ನು ಇನ್ನೊಂದು ಗೋಡೆಗೆ ತಿರುಗಿಸಿದರೆ ಸಾಕು.